ಸತ್ಯವೇದದ ಅಧಿಕಾರ ಮತ್ತು ಕನ್ನಡದ ಓದು

ಧರ್ಮಪುರಿ ಜಿಲ್ಲೆಯ ಹರೂರಿಗೆ ಎರಡು ಉಚ್ಚಾರಣೆಗಳಿವೆ. ಕನ್ನಡಿಗರ ಬಾಯಲ್ಲಿ ಅದು ಹರೂರು, ತಮಿಳರ ಬಾಯಲ್ಲಿ ಅರೂರ್. ಒಂದು ದಿಕ್ಕಿಗೆ ತೀರ್ಥಮಲೆ, ಇನ್ನೊಂದು ದಿಕ್ಕಿಗೆ ಚಿತ್ತೇರಿಯ ಬೆಟ್ಟಸಾಲು. ಧರ್ಮಪುರಿಯಲ್ಲಿ ನೊಳಂಬರ ಕಾಲದ ಕನ್ನಡ ಶಾಸನಗಳು ದೊರೆತಿವೆ. ಈ ಸೀಮೆ ಮೈಸೂರಿನ ಆಳ್ವಿಕೆಯಿಂದ ಕಂಪನಿ ಸರಕಾರದ ಕೈಗೆ ಹೋದದ್ದು 1792ರಲ್ಲಿ. ಇಂದಿಗೂ ಈ ಭಾಗದ ಹಲವು ಮನೆಗಳಲ್ಲಿ ಆಡುವ ಮಾತು ಕನ್ನಡ, ಕಲಿಯುವ ಅಕ್ಷರ ತಮಿಳು. ಮನೆಯ ಮಾತು ಒಂದು, ಪುಸ್ತಕದ ಮಾತು ಇನ್ನೊಂದು ಆಗಿರುವ ಇಂಥ ನೆಲದಲ್ಲಿ ನಿಂತು ನೋಡಿದಾಗ ಕೆಲವು ಹಳೆಯ ಪ್ರಶ್ನೆಗಳು ಹೊಸದಾಗಿ ಕಾಣುತ್ತವೆ. ದೇವರ ಮಾತಿಗೆ ಭಾಷೆ ಯಾವುದು? ಒಂದು ಭಾಷೆಯಲ್ಲಿ ಬಂದ ದೇವರ ಮಾತು ಇನ್ನೊಂದು ಭಾಷೆಗೆ ಹೋದಾಗ ದೇವರ ಮಾತಾಗಿಯೇ ಉಳಿಯುತ್ತದೆಯೇ? ಕ್ರೈಸ್ತರು ತಮ್ಮ ಧರ್ಮಗ್ರಂಥವನ್ನು ದೈವಪ್ರೇರಿತವೆಂದೂ ಬಾಳಿಗೆ ಪ್ರಮಾಣವೆಂದೂ ನಂಬುತ್ತಾರೆ. ಆ ನಂಬಿಕೆಯನ್ನು ಕನ್ನಡ ಸಾಹಿತ್ಯದ ವಿದ್ಯಾರ್ಥಿ ಏಕೆ ತಿಳಿದಿರಬೇಕೆಂಬುದಕ್ಕೆ ಉತ್ತರ ಈ ಪ್ರಶ್ನೆಗಳಲ್ಲಿಯೇ ಇದೆ.

ಮೊದಲು ಹೆಸರನ್ನೇ ನೋಡಬಹುದು. ಒಂದೇ ಗ್ರಂಥಕ್ಕೆ ನೆರೆಹೊರೆಯ ಭಾಷೆಗಳು ಬೇರೆಬೇರೆ ಹೆಸರಿಟ್ಟಿವೆ. ತಮಿಳಿನಲ್ಲಿ ಅದು ‘ವೇದಾಗಮ’. ವೇದ, ಆಗಮಗಳೆರಡೂ ಅಲ್ಲಿ ಸಮಾಸಗೊಂಡಿವೆ. ಮಲಯಾಳದಲ್ಲಿ ‘ಸತ್ಯವೇದ ಪುಸ್ತಕ’, ತೆಲುಗಿನಲ್ಲಿ ‘ಪರಿಶುದ್ಧ ಗ್ರಂಥ’, ಮರಾಠಿಯಲ್ಲಿ ‘ಪವಿತ್ರ ಶಾಸ್ತ್ರ’. ಕನ್ನಡದ ಪ್ರಾಟೆಸ್ಟೆಂಟ್ ಪರಂಪರೆಯಲ್ಲಿ ‘ಸತ್ಯವೇದ’ ಎಂಬ ಹೆಸರು ನೆಲೆಗೊಂಡಿತು. ಗ್ರಂಥ, ಶಾಸ್ತ್ರ, ಆಗಮ, ವೇದ ಎಂಬ ನಾಲ್ಕು ಪದಗಳು ನಿಘಂಟಿನಲ್ಲಿ ಹತ್ತಿರ ಹತ್ತಿರ ಕುಳಿತರೂ ಅವುಗಳ ತೂಕ ಒಂದೇ ಅಲ್ಲ. ಗ್ರಂಥವನ್ನು ಯಾರಾದರೂ ಬರೆಯಬಹುದು. ಶಾಸ್ತ್ರಕ್ಕೆ ಶಾಸ್ತ್ರಕಾರನಿರುತ್ತಾನೆ. ವೇದಕ್ಕೆ ಮಾತ್ರ ಈ ನೆಲದ ಒಂದು ಪ್ರಬಲ ದರ್ಶನದ ಪ್ರಕಾರ ಕರ್ತೃವೇ ಇಲ್ಲ. ಆದ್ದರಿಂದ ಹೊರಗಿನಿಂದ ಬಂದ ಗ್ರಂಥವೊಂದಕ್ಕೆ ‘ವೇದ’ ಎಂದು ಹೆಸರಿಟ್ಟವರು ಬರಿಯ ಪದವನ್ನಲ್ಲ, ಒಂದು ಅಧಿಕಾರವನ್ನೇ ಎರವಲು ಪಡೆದರು. ‘ಸತ್ಯ’ ಎಂಬ ವಿಶೇಷಣವನ್ನು ಮುಂದೆ ಸೇರಿಸಿದಾಗ ಅದು ವಾದವೂ ಆಯಿತು. ಸತ್ಯವಾದ ವೇದ ಒಂದಿದೆಯೆಂದರೆ ಉಳಿದವುಗಳ ಗತಿಯೇನು ಎಂಬ ಪ್ರಶ್ನೆ ಆ ಹೆಸರಿನೊಳಗೇ ಅಡಗಿದೆ. ಇದನ್ನು ಗಮನಿಸದೆ ಹೆಸರನ್ನು ಸಹಜವೆಂದು ಒಪ್ಪಿಕೊಳ್ಳುವುದು ಓದುಗನ ಅಲಕ್ಷ್ಯ. ಅದನ್ನು ಗಮನಿಸಿದ ಮಾತ್ರಕ್ಕೆ ಗ್ರಂಥವನ್ನೇ ತಳ್ಳಿಹಾಕುವುದು ಅವಸರ.

ಈ ಎರವಲಿನ ಕಥೆ ಹರೂರಿನ ನೆರೆಯಲ್ಲಿಯೇ ನಡೆದದ್ದು. ಇಟಲಿಯ ಜೆಸುಯಿಟ್ ಪಾದ್ರಿ ರಾಬರ್ಟ್ ಡಿ ನೊಬಿಲಿ 1623ರಲ್ಲಿ ಮದುರೆಯಿಂದ ಹೊರಟು ಸೇಂದಮಂಗಲದ ಮಾರ್ಗವಾಗಿ ಸೇಲಂಗೆ ಬಂದರು. ಸಂನ್ಯಾಸಿಯ ಉಡುಪು, ಸಸ್ಯಾಹಾರ, ಸಂಸ್ಕೃತ ಮತ್ತು ತಮಿಳಿನ ವ್ಯಾಸಂಗ ಅವರ ಮಾರ್ಗವಾಗಿತ್ತು. ಕ್ರಿಸ್ತನ ಬೋಧೆಯನ್ನು ಅವರು ‘ವೇದ’ವೆಂದೇ ಕರೆದರು. ಆದರೆ ಅವರ ಬಳಕೆಯಲ್ಲಿ ಅದು ಒಂದು ಪುಸ್ತಕದ ಹೆಸರಾಗಿರಲಿಲ್ಲ. ಧರ್ಮ, ವಿಧಿ, ಬೋಧೆ ಎಲ್ಲವನ್ನೂ ಒಳಗೊಂಡ ವಿಶಾಲವಾದ ಅರ್ಥ ಅದಕ್ಕಿತ್ತು. ತಮಿಳಿನಲ್ಲಿ ಕ್ರೈಸ್ತರನ್ನು ‘ವೇದಕ್ಕಾರರ್’ ಎಂದು ಕರೆಯುವ ರೂಢಿಯಲ್ಲಿ ಆ ಹಳೆಯ ಅರ್ಥ ಉಳಿದುಕೊಂಡಿದೆ. ಅಲ್ಲಿ ವೇದವೆಂದರೆ ಮತ. ಮುಂದೆ ಪ್ರಾಟೆಸ್ಟೆಂಟರು ಬಂದರು. ತರಂಗಂಬಾಡಿಯಲ್ಲಿ ಜೀಗನ್‌ಬಾಲ್ಗ್ ಅವರ ತಮಿಳು ಹೊಸ ಒಡಂಬಡಿಕೆ 1715ರ ಹೊತ್ತಿಗೆ ಅಚ್ಚಾಯಿತು. ಸೇಲಂನಲ್ಲಿ ಲಂಡನ್ ಮಿಷನ್ 1827ರಲ್ಲಿ ಕೆಲಸ ಆರಂಭಿಸಿತು. ಅವರ ಕೈಯಲ್ಲಿ ‘ವೇದ’ ಎಂಬುದು ರಟ್ಟು ಕಟ್ಟಿದ, ಪುಟ ತಿರುವಬಹುದಾದ ಒಂದು ಪುಸ್ತಕವಾಯಿತು. ಮತದ ಅಧಿಕಾರ ಗುರುವಿನಿಂದ ಗ್ರಂಥಕ್ಕೆ ಸರಿದ ಯುರೋಪಿನ ದೊಡ್ಡ ತಿರುವು ಒಂದೇ ಒಂದು ಪದದ ಅರ್ಥಸಂಕೋಚದಲ್ಲಿ ಇಲ್ಲಿ ದಾಖಲಾಗಿದೆ. ಭಾಷಾವಿಜ್ಞಾನದ ತರಗತಿಯಲ್ಲಿ ಅರ್ಥಸಂಕೋಚಕ್ಕೆ ‘ಮೃಗ’ದ ಉದಾಹರಣೆಯನ್ನು ಕಲಿಯುವ ವಿದ್ಯಾರ್ಥಿ ‘ವೇದ’ದ ಈ ಉದಾಹರಣೆಯನ್ನೂ ಸೇರಿಸಿಕೊಳ್ಳಬಹುದು.

ಹಾಗಾದರೆ ಆ ನಂಬಿಕೆಯಾದರೂ ಏನು? ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಮೂರನೆಯ ಅಧ್ಯಾಯದಲ್ಲಿ ಗ್ರೀಕಿನ ಒಂದು ವಿಶೇಷಣವಿದೆ: ‘ಥಿಯೊಪ್ನ್ಯೂಸ್ತೋಸ್’. ‘ದೇವರು ಉಸಿರೂದಿದ’ ಎಂಬುದು ಅದರ ಪದಶಃ ಅರ್ಥ. ಧರ್ಮಗ್ರಂಥವು ದೇವರ ಉಸಿರಿನಿಂದ ಬಂದದ್ದು, ಆದ್ದರಿಂದ ಉಪದೇಶಕ್ಕೂ ತಿದ್ದುವಿಕೆಗೂ ಯೋಗ್ಯವಾದದ್ದು ಎಂಬ ತತ್ತ್ವಕ್ಕೆ ಈ ಮಾತೇ ಮುಖ್ಯ ಆಧಾರ. ಆ ಪತ್ರ ಬರೆದ ಕಾಲಕ್ಕೆ ಹೊಸ ಒಡಂಬಡಿಕೆಯೆಂಬ ಸಂಪುಟ ಇನ್ನೂ ರೂಪುಗೊಂಡಿರಲಿಲ್ಲ. ಅಲ್ಲಿ ‘ಶಾಸ್ತ್ರ’ವೆಂದಾಗ ಯೆಹೂದ್ಯರ ಪವಿತ್ರ ಗ್ರಂಥಗಳೇ ಮನಸ್ಸಿನಲ್ಲಿದ್ದವು. ಈಗಿರುವ ಹೊಸ ಒಡಂಬಡಿಕೆಯ 27 ಪುಸ್ತಕಗಳ ಪಟ್ಟಿ ಅಲೆಕ್ಸಾಂಡ್ರಿಯದ ಅಥನಾಸಿಯಸ್ 367ರಲ್ಲಿ ಬರೆದ ಪತ್ರದಲ್ಲಿ ದೊರೆಯುತ್ತದೆ. ಇಂದು ಪ್ರಾಟೆಸ್ಟೆಂಟರ ಬೈಬಲಿನಲ್ಲಿ 66 ಪುಸ್ತಕಗಳು, ಕ್ಯಾಥೊಲಿಕರ ಬೈಬಲಿನಲ್ಲಿ 73. ಅಧಿಕಾರ ಯಾವ ಪುಸ್ತಕಕ್ಕೆ ಎಂಬುದೇ ಚರ್ಚೆಯ ವಸ್ತುವಾಗಿತ್ತು ಎಂಬುದನ್ನು ನಂಬುವವರೂ ಮರೆಯುವಂತಿಲ್ಲ.

ದೈವಪ್ರೇರಣೆಯೆಂದರೆ ದೇವರು ಹೇಳಿದ್ದನ್ನು ಮನುಷ್ಯನು ಕೈಬರಹಗಾರನಂತೆ ಬರೆದುಕೊಂಡ ಎಂದು ಹೊರಗಿನವರು ಭಾವಿಸುವುದುಂಟು. ಒಳಗಿನವರಲ್ಲಿಯೂ ಕೆಲವರು ಹಾಗೆ ತಿಳಿದಿದ್ದರು. ಆದರೆ ಈ ತತ್ತ್ವದ ಪ್ರೌಢ ನಿರೂಪಣೆಗಳು ಅಷ್ಟು ಸರಳವಾಗಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೊರಡಿಸಿದ ‘ದೇಯಿ ವೆರ್ಬುಮ್’ ಪ್ರಕಾರ ಈ ಪುಸ್ತಕಗಳಿಗೆ ದೇವರೂ ಕರ್ತೃ, ಬರೆದ ಮನುಷ್ಯರೂ ನಿಜವಾದ ಕರ್ತೃಗಳು. ಅವರ ಶಕ್ತಿ, ಸ್ವಭಾವ, ಕಾಲದ ರೂಢಿ ಯಾವುದೂ ಅಲ್ಲಿ ಅಳಿಸಿಹೋಗುವುದಿಲ್ಲ. ಗ್ರಂಥದಲ್ಲಿ ತಪ್ಪೇ ಇಲ್ಲವೆಂದು ಬಲವಾಗಿ ವಾದಿಸುವ ಇವಾಂಜೆಲಿಕಲ್ ಪಂಡಿತರು 1978ರಲ್ಲಿ ಚಿಕಾಗೊದಲ್ಲಿ ಹೊರಡಿಸಿದ ಹೇಳಿಕೆಯೂ ಬರೆದವರ ವ್ಯಕ್ತಿತ್ವವನ್ನು ಒಪ್ಪುತ್ತದೆ. ಲೂಕನು ತನ್ನ ಸುವಾರ್ತೆಯ ಆರಂಭದಲ್ಲಿಯೇ ತಾನು ಎಲ್ಲವನ್ನೂ ವಿಚಾರಿಸಿ ಕ್ರಮವಾಗಿ ಬರೆಯುತ್ತಿರುವುದಾಗಿ ಹೇಳುತ್ತಾನೆ. ಇದು ಇತಿಹಾಸಕಾರನ ಧ್ವನಿ. ಇನ್ನೂ ಸೊಗಸಾದ ನಿದರ್ಶನ ಬೇಕಾದರೆ ಆ ತಿಮೊಥೆಯನ ಪತ್ರವನ್ನೇ ಮುಂದೆ ಓದಬೇಕು. ಶಾಸ್ತ್ರವು ದೇವರ ಉಸಿರು ಎಂದ ಅದೇ ಪತ್ರದ ಮುಂದಿನ ಅಧ್ಯಾಯದಲ್ಲಿ, ತ್ರೋವದಲ್ಲಿ ಬಿಟ್ಟುಬಂದ ಮೇಲಂಗಿಯನ್ನೂ ಪುಸ್ತಕಗಳನ್ನೂ ಬರುವಾಗ ತರಬೇಕೆಂಬ ಕೋರಿಕೆಯಿದೆ. ಚಳಿಗೆ ಹೆದರಿದ ಒಬ್ಬ ಮುದುಕನ ಬೇಡಿಕೆಯೂ ದೈವಪ್ರೇರಿತ ಗ್ರಂಥದ ಭಾಗವಾಗಿ ಉಳಿದಿದೆ. ಈ ನಂಬಿಕೆಯ ಸೊಬಗೂ ತೊಡಕೂ ಎರಡೂ ಆ ಮೇಲಂಗಿಯಲ್ಲಿವೆ.

ಕನ್ನಡದ ವಿದ್ಯಾರ್ಥಿಗೆ ಇದು ಅಪರಿಚಿತವಾದ ವಿಚಾರವೇನಲ್ಲ. ವೇದವು ಅಪೌರುಷೇಯ, ಅದಕ್ಕೆ ಮನುಷ್ಯನಾಗಲಿ ದೇವರಾಗಲಿ ಕರ್ತೃವಲ್ಲ ಎಂಬುದು ಮೀಮಾಂಸಕರ ಮತ. ಈಶ್ವರನೇ ಕರ್ತೃ ಎಂಬುದು ನೈಯಾಯಿಕರ ಮತ. ಬೃಹದಾರಣ್ಯಕ ಉಪನಿಷತ್ತು ವೇದಗಳನ್ನು ಮಹಾಭೂತದ ನಿಶ್ವಾಸವೆಂದು ಬಣ್ಣಿಸುತ್ತದೆ. ವಿಜಯನಗರದ ಬುಕ್ಕರಾಯನ ಆಶ್ರಯದಲ್ಲಿ ಭಾಷ್ಯ ಬರೆದ ಸಾಯಣನು ಆ ಕಲ್ಪನೆಯನ್ನೇ ಮಂಗಳಶ್ಲೋಕದಲ್ಲಿ ಇಟ್ಟುಕೊಂಡಿದ್ದಾನೆ. ಹಾಗಾದರೆ ‘ದೇವರ ಉಸಿರು’ ಎಂಬ ಮಾತಿಗೆ ಕನ್ನಡ ನಾಡಿನಲ್ಲಿಯೇ ಸಿದ್ಧವಾದ ಸಾಟಿ ಇತ್ತು. ಜೈನರ ತೀರ್ಥಂಕರನ ದಿವ್ಯಧ್ವನಿಯನ್ನು ಕೇಳಿದವರೆಲ್ಲ ತಂತಮ್ಮ ಭಾಷೆಯಲ್ಲಿ ಅರಿತರೆಂಬ ವರ್ಣನೆಯನ್ನು ಜೈನಪುರಾಣಗಳ ಓದುಗರು ಬಲ್ಲರು. ಗದುಗಿನ ಕುಮಾರವ್ಯಾಸನಂತೂ ಕವಿತ್ವವನ್ನು ವೀರನಾರಾಯಣನಿಗೆ ಒಪ್ಪಿಸಿ ತನಗೆ ಲಿಪಿಕಾರನ ಪಾತ್ರವನ್ನು ಮಾತ್ರ ಉಳಿಸಿಕೊಂಡನು. ಪ್ರೇರಣೆ, ಕರ್ತೃತ್ವ, ಲೇಖನ ಎಂಬ ಮೂರನ್ನು ಬಿಡಿಸಿ ನೋಡುವ ಅಭ್ಯಾಸ ಕನ್ನಡಕ್ಕೆ ಮೊದಲಿನಿಂದಲೂ ಇದೆ.

ಸಾಮ್ಯವಿದ್ದಲ್ಲಿಯೇ ವ್ಯತ್ಯಾಸವೂ ಸ್ಪಷ್ಟವಾಗುತ್ತದೆ. ವೇದದ ಅಧಿಕಾರ ಅದರ ಶಬ್ದದಲ್ಲಿ, ಸ್ವರದಲ್ಲಿ, ಪದಗಳ ಅನುಕ್ರಮದಲ್ಲಿ ನಿಂತಿದೆ. ಅರ್ಥ ತಿಳಿಯದಿದ್ದರೂ ಪಾಠ ತಪ್ಪಬಾರದು. ಕುರಾನಿನ ಅಧಿಕಾರ ಅರಬ್ಬಿಯ ಮೂಲದಲ್ಲಿದೆ. ಅನುವಾದವನ್ನು ಮುಸಲ್ಮಾನರು ಅರ್ಥವಿವರಣೆಯೆಂದು ಗೌರವಿಸುತ್ತಾರೆ, ಕುರಾನ್ ಎಂದು ಕರೆಯುವುದಿಲ್ಲ. ಕ್ರೈಸ್ತರು ಇಲ್ಲಿ ಬೇರೆ ದಾರಿ ಹಿಡಿದರು. ಯೇಸು ಆಡಿದ ಮಾತು ಬಹುಮಟ್ಟಿಗೆ ಅರಮೈಕ್, ಸುವಾರ್ತೆಗಳು ಉಳಿದಿರುವುದು ಗ್ರೀಕಿನಲ್ಲಿ. ಅಂದರೆ ಗುರುವಿನ ಮಾತು ಶಿಷ್ಯರ ಗ್ರಂಥದಲ್ಲಿ ಮೊದಲೇ ಅನುವಾದವಾಗಿದೆ. 1646ರಲ್ಲಿ ಸಿದ್ಧವಾದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸ ನಿರೂಪಣೆ ಎರಡು ಮಾತುಗಳನ್ನು ಒಟ್ಟಿಗೆ ಹೇಳುತ್ತದೆ. ನೇರವಾದ ಪ್ರೇರಣೆ ಹೀಬ್ರೂ ಮತ್ತು ಗ್ರೀಕ್ ಮೂಲಗಳಿಗೆ ಸಂಬಂಧಿಸಿದ್ದು, ಆದರೆ ಗ್ರಂಥವು ಪ್ರತಿಯೊಂದು ಜನಾಂಗದ ಆಡುನುಡಿಗೂ ಅನುವಾದವಾಗಲೇಬೇಕು. ಹರೂರಿನ ತಮಿಳು ವೇದಾಗಮವಾಗಲಿ ಬಳ್ಳಾರಿಯ ಕನ್ನಡ ಸತ್ಯವೇದವಾಗಲಿ ಮೂಲಕ್ಕೆ ನಿಷ್ಠವಾಗಿರುವಷ್ಟರ ಮಟ್ಟಿಗೆ ದೇವರ ವಾಕ್ಯವೇ. ಈ ‘ಮಟ್ಟಿಗೆ’ ಎಂಬ ಷರತ್ತು ಬಹಳ ಮುಖ್ಯವಾದದ್ದು. ಅದು ಅನುವಾದಕ್ಕೆ ಅಧಿಕಾರವನ್ನು ಕೊಡುತ್ತದೆ, ಅನುವಾದಕನಿಂದ ನೆಮ್ಮದಿಯನ್ನು ಕಿತ್ತುಕೊಳ್ಳುತ್ತದೆ.

ಸಾಹಿತ್ಯದ ದೃಷ್ಟಿಯಿಂದ ಇಲ್ಲಿಯೇ ನಿಜವಾದ ವಿಷಯವಿದೆ. ಕನ್ನಡಕ್ಕೆ ಮಹಾಗ್ರಂಥಗಳನ್ನು ತಂದುಕೊಳ್ಳುವ ಪರಂಪರೆ ಸಾವಿರ ವರ್ಷಗಳಿಗೂ ಹಳೆಯದು. ಆದರೆ ಅದು ಬಹುಮಟ್ಟಿಗೆ ಸ್ವತಂತ್ರರ ಪರಂಪರೆ. ಪಂಪನು ಅರ್ಜುನನಲ್ಲಿ ಅರಿಕೇಸರಿಯನ್ನು ಕಂಡನು. ಕುಮಾರವ್ಯಾಸನು ಭಾರತವನ್ನು ಕೃಷ್ಣಕಥೆಯಾಗಿಸಿದನು. ಹೀಗೆ ಕೂಡಿಸುವುದು, ಕಳೆಯುವುದು, ಹಿಗ್ಗಿಸುವುದು ದೋಷವೆನಿಸಲಿಲ್ಲ, ಪ್ರತಿಭೆಯೆನಿಸಿತು. ಟೀಕೆಗಳಲ್ಲಿ ಪದಪದಕ್ಕೆ ಅರ್ಥ ಹೇಳುವ ಕ್ರಮವಿತ್ತು, ನಿಜ. ಆದರೆ ಟೀಕೆ ಮೂಲದ ಪಕ್ಕದಲ್ಲಿ ನಿಲ್ಲುತ್ತದೆ, ಮೂಲದ ಪೀಠವನ್ನು ಏರುವುದಿಲ್ಲ. ಕನ್ನಡ ಬೈಬಲಿನ ಅನುವಾದಕನಿಗೆ ಪಂಪನ ಸ್ವಾತಂತ್ರ್ಯವೂ ಇರಲಿಲ್ಲ, ಟೀಕಾಕಾರನ ನಿಶ್ಚಿಂತೆಯೂ ಇರಲಿಲ್ಲ. ಮೂಲದ ಪಕ್ಕದಲ್ಲಿ ನಿಲ್ಲದೆ ಅದರ ಸ್ಥಾನದಲ್ಲಿಯೇ ಕುಳಿತುಕೊಳ್ಳುವ, ಒಂದು ಪದವನ್ನೂ ಸ್ವಂತಕ್ಕೆ ಕೂಡಿಸದ, ಒಂದನ್ನೂ ಬಿಡದ ಗದ್ಯವನ್ನು ಆತ ಕಟ್ಟಬೇಕಾಗಿತ್ತು. ದೈವಪ್ರೇರಣೆಯ ನಂಬಿಕೆ ಅವನ ಕೈ ಕಟ್ಟಿತು. ಕಟ್ಟಿದ ಕೈಯಿಂದ ಬರೆದ ಆ ಗದ್ಯ ಹಲವೆಡೆ ಬಿಗಿದುಕೊಂಡಿದೆ. ಅದೇ ಕಾರಣದಿಂದ ಕನ್ನಡಕ್ಕೆ ಒಂದು ಹೊಸ ಶಿಸ್ತೂ ದೊರೆಯಿತು.

ಈ ಮಾತಿಗೆ ಸಾಕ್ಷಿ ಬೇಕಾದರೆ ಎರಡು ಬಗೆಯ ಕೃತಿಗಳನ್ನು ಹೋಲಿಸಬಹುದು. ಗೋವೆಯಲ್ಲಿ ಥಾಮಸ್ ಸ್ಟೀಫನ್ಸ್ 1616ರಲ್ಲಿ ಪ್ರಕಟಿಸಿದ ಮರಾಠಿ ‘ಕ್ರಿಸ್ತಪುರಾಣ’ ಓವಿಯ ಧಾಟಿಯಲ್ಲಿ ಬೈಬಲಿನ ಕಥೆಯನ್ನು ಹಾಡುತ್ತದೆ. ಫರ್ಡಿನಂಡ್ ಕಿಟೆಲ್ ಅವರ ‘ಕಥಾಮಾಲೆ’ 1862ರಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡ ಪದ್ಯದಲ್ಲಿ ಹೇಳಿತು. ಇವು ಪುರಾಣಗಳು. ಹಾಡಿಗೆ ಒದಗುವ, ಕಿವಿಗೆ ಇಂಪಾದ, ದೇಸಿ ಛಂದಸ್ಸಿನ ಕೃತಿಗಳು. ಆದರೆ ಯಾವ ಚರ್ಚೂ ಇವುಗಳನ್ನು ಪ್ರಮಾಣವೆಂದು ಪೀಠದ ಮೇಲಿಟ್ಟು ಓದಲಿಲ್ಲ. ಆ ಸ್ಥಾನ ಗದ್ಯಕ್ಕೆ ಸಂದಿತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಸಂಗಡಿಗರೊಡನೆ ದುಡಿದ ಫಲವಾಗಿ 1831ರಲ್ಲಿ ಪೂರ್ಣ ಬೈಬಲ್ ಕನ್ನಡದಲ್ಲಿ ಹೊರಬಂದಿತು. ಎರಡು ದಶಕಗಳ ಆ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಪರಿಷ್ಕರಣ ಕೂಡಲೇ ಅಗತ್ಯವೆನಿಸಿತು. ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗಲ್ ತಮ್ಮ ಅಲ್ಪಾಯುಷ್ಯದ ಬೆಲೆಯುಳ್ಳ ವರ್ಷಗಳನ್ನು ಅದಕ್ಕೆ ತೆತ್ತು 1855ರಲ್ಲಿ ತೀರಿಕೊಂಡರು. ಆಮೇಲೂ ಪರಿಷ್ಕರಣಗಳು ಬರುತ್ತಲೇ ಇವೆ.

ಸಾಹಿತ್ಯ ಚರಿತ್ರೆಯ ಪಾಠಗಳಲ್ಲಿ ಮಿಷನರಿಗಳ ಹೆಸರು ಬಾರದೆ ಇರುವುದಿಲ್ಲ. ವಿಲಿಯಂ ರೀವ್ ಅವರ ನಿಘಂಟು, ಮೋಗ್ಲಿಂಗ್ ಅವರ 1843ರ ‘ಮಂಗಳೂರ ಸಮಾಚಾರ’, ಕಿಟೆಲ್ ಅವರ 1894ರ ನಿಘಂಟು, ಅವರು ಸಂಪಾದಿಸಿದ ‘ಶಬ್ದಮಣಿದರ್ಪಣ’ ಮತ್ತು ‘ಛಂದೋಂಬುಧಿ’ ಇವೆಲ್ಲವನ್ನೂ ಪರೀಕ್ಷೆಯ ಉತ್ತರಪತ್ರಿಕೆಗಳು ಕೃತಜ್ಞತೆಯಿಂದ ನೆನೆಯುತ್ತವೆ. ಆದರೆ ಈ ಕೃತಿಗಳಿಗೆಲ್ಲ ಹಿನ್ನೆಲೆಯಾಗಿದ್ದ ಗ್ರಂಥದ ಒಂದು ಪುಟವೂ ಪಠ್ಯಕ್ಕೆ ಬರುವುದು ವಿರಳ. ಬೇರು ಬೇಡ, ಹಣ್ಣು ಮಾತ್ರ ಬೇಕೆನ್ನುವ ಈ ನಿಲುವು ವಿದ್ವತ್ತಿಗೆ ಒಪ್ಪುವುದಲ್ಲ. ಒಂದು ಪದದ ಸರಿಯಾದ ಅರ್ಥಕ್ಕಾಗಿ ಅವರು ಹಳ್ಳಿಯಿಂದ ಹಳ್ಳಿಗೆ, ತಾಳೆಗರಿಯಿಂದ ತಾಳೆಗರಿಗೆ ಅಲೆದದ್ದಕ್ಕೆ ಭಾಷಾಪ್ರೇಮ ಒಂದೇ ಕಾರಣವಲ್ಲ. ದೇವರ ಮಾತಿನ ಅರ್ಥ ತಪ್ಪಬಾರದೆಂಬ ಅಂಜಿಕೆಯೂ ಅದರಲ್ಲಿ ಸೇರಿತ್ತು.

ಆ ಅಂಜಿಕೆ ಎಂಥದ್ದೆಂಬುದನ್ನು ಒಂದು ವ್ಯಾಕರಣದ ಪ್ರಶ್ನೆಯಿಂದ ತಿಳಿಯಬಹುದು. ‘ಥಿಯೊಪ್ನ್ಯೂಸ್ತೋಸ್’ ಬರುವ ಗ್ರೀಕ್ ವಾಕ್ಯದಲ್ಲಿ ‘ಆಗಿದೆ’ ಎಂಬ ಅರ್ಥದ ಕ್ರಿಯಾಪದವಿಲ್ಲ. ಆದ್ದರಿಂದ ಎರಡು ಅನ್ವಯಗಳು ಸಾಧ್ಯ. ಶಾಸ್ತ್ರವೆಲ್ಲವೂ ದೈವಪ್ರೇರಿತವಾಗಿದೆ ಎಂಬುದು ಒಂದು. ದೈವಪ್ರೇರಿತವಾದ ಶಾಸ್ತ್ರವೆಲ್ಲವೂ ಪ್ರಯೋಜನಕರ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಆ ಪದ ವಿಧೇಯ, ಎರಡನೆಯದರಲ್ಲಿ ವಿಶೇಷಣ. ಇಂಗ್ಲಿಷಿನಲ್ಲಿ 1611ರ ಕಿಂಗ್ ಜೇಮ್ಸ್ ಅನುವಾದ ಮೊದಲ ದಾರಿ ಹಿಡಿಯಿತು, 1881ರ ಪರಿಷ್ಕೃತ ಹೊಸ ಒಡಂಬಡಿಕೆ ಎರಡನೆಯದನ್ನು ಆರಿಸಿಕೊಂಡಿತು. ಕನ್ನಡದಲ್ಲಿ ಇದು ‘ಆದ’ ಮತ್ತು ‘ಆಗಿದೆ’ ಎಂಬ ಎರಡು ರೂಪಗಳ ನಡುವಣ ಆಯ್ಕೆ. ಕೃದಂತವನ್ನು ನಾಮಪದದ ಹಿಂದಿಟ್ಟರೆ ಒಂದು ಸಿದ್ಧಾಂತ, ಕ್ರಿಯಾಪದವನ್ನಾಗಿಸಿ ವಾಕ್ಯದ ಕೊನೆಗೆ ತಂದರೆ ಇನ್ನೊಂದು. ಗ್ರಂಥವೆಲ್ಲ ಪ್ರೇರಿತವೆಂಬ ಘೋಷಣೆ ಇರುವುದು ಮೊದಲನೆಯದರಲ್ಲಿ. ಎರಡನೆಯದು ಅದನ್ನು ಘೋಷಿಸದೆ ಪ್ರಯೋಜನದ ಮಾತನ್ನು ಮಾತ್ರ ಹೇಳುತ್ತದೆ. ವಿದ್ಯಾರ್ಥಿಗಳು ಗ್ರಂಥಾಲಯದಲ್ಲಿ ಬೇರೆ ಬೇರೆ ಕಾಲದ ಕನ್ನಡ ಅನುವಾದಗಳನ್ನು ತೆರೆದು ಈ ಒಂದು ವಾಕ್ಯದಲ್ಲಿ ‘ಆದ’ ಇದೆಯೇ ‘ಆಗಿದೆ’ ಇದೆಯೇ ಎಂದು ನೋಡಬಹುದು. ಕೃದಂತದ ಪಾಠಕ್ಕೆ ಇದಕ್ಕಿಂತ ಗಂಭೀರವಾದ ಅಭ್ಯಾಸ ಸಿಗಲಾರದು.

ಇನ್ನೊಂದು ತೊಡಕು ಗೌರವಸೂಚಕಗಳದು. ಗ್ರೀಕಿನಲ್ಲಿ ಅವನು, ಆತನು, ಅವರು ಎಂಬ ಮೂರು ಮೆಟ್ಟಿಲುಗಳಿಲ್ಲ. ಕನ್ನಡದಲ್ಲಿ ಅವುಗಳಿಂದ ತಪ್ಪಿಸಿಕೊಳ್ಳುವ ಉಪಾಯವಿಲ್ಲ. ಕನ್ನಡ ಬೈಬಲ್ ದೇವರಿಗೂ ಯೇಸುವಿಗೂ ‘ಆತನು’ ಎಂಬ ನಡುವಣ ರೂಪವನ್ನು ನೆಲೆಗೊಳಿಸಿತು. ಮರಾಠಿಯ ಹಳೆಯ ಅನುವಾದದಲ್ಲಿ ಯೇಸುವಿಗೆ ‘ತೋ’ ಎಂಬ ಏಕವಚನವೇ ಸಾಕಾಯಿತು. ಪ್ರಾರ್ಥನೆಯಲ್ಲಿ ದೇವರನ್ನು ‘ನೀನು’ ಎನ್ನುವುದಕ್ಕೆ ವಚನಕಾರರೂ ದಾಸರೂ ದಾರಿ ಮಾಡಿಕೊಟ್ಟಿದ್ದರು. ಗಾಳಿ, ಉಸಿರು, ಆತ್ಮ ಮೂರಕ್ಕೂ ಗ್ರೀಕಿನಲ್ಲಿ ‘ಪ್ನ್ಯೂಮ’ ಎಂಬ ಒಂದೇ ಪದ. ಯೋಹಾನನ ಸುವಾರ್ತೆಯಲ್ಲಿ ನಿಕೊದೇಮನೊಡನೆ ನಡೆದ ಸಂಭಾಷಣೆ ಆ ಶ್ಲೇಷೆಯ ಮೇಲೆ ನಿಂತಿದೆ. ಕನ್ನಡದಲ್ಲಿ ಗಾಳಿ ಬೇರೆ, ಆತ್ಮ ಬೇರೆ. ಅರ್ಥ ದಾಟಿತು, ಶ್ಲೇಷೆ ದಡದಲ್ಲಿಯೇ ಉಳಿಯಿತು. ‘ದೈವಪ್ರೇರಿತ’ ಎಂಬ ಅನುವಾದದಲ್ಲಿಯೂ ಅದೇ ನಷ್ಟ. ಪ್ರೇರಣೆ ಬಂದಿತು, ಉಸಿರು ಹೋಯಿತು. ‘ನಿಶ್ವಸಿತ’ ಎಂದಿದ್ದರೆ ಉಸಿರು ಉಳಿಯುತ್ತಿತ್ತು, ಜತೆಗೆ ಸಾಯಣನ ಇಡೀ ವೇದಾಂತವೂ ಒಳಗೆ ಬರುತ್ತಿತ್ತು. ‘ವೇದ’ವೆಂಬ ಹೆಸರನ್ನು ಒಪ್ಪಿಕೊಂಡ ಭಾಷೆ ‘ನಿಶ್ವಸಿತ’ವನ್ನು ತೆಗೆದುಕೊಳ್ಳದೆ ಬಿಟ್ಟದ್ದು ಯೋಚಿಸತಕ್ಕ ಸಂಗತಿ.

ಇಷ್ಟನ್ನು ಕಂಡ ಮೇಲೆ ಎರಡು ತಪ್ಪು ನಿಲುವುಗಳನ್ನು ಹೆಸರಿಸಬಹುದು. ಮೊದಲನೆಯದು ನಂಬದವರದು. ಇದು ಮತಪ್ರಚಾರದ ಸಾಮಗ್ರಿ, ಸಾಹಿತ್ಯಕ್ಕೆ ಇದರಿಂದ ಏನೂ ಇಲ್ಲ ಎನ್ನುವುದು. ಮತಪ್ರಚಾರದ ಉದ್ದೇಶ ಇತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಉದ್ದೇಶವನ್ನೇ ಅಳತೆಗೋಲಾಗಿಸಿದರೆ ಜೈನಪುರಾಣಗಳು, ಹರಿಹರನ ರಗಳೆಗಳು, ದಾಸರ ಪದಗಳು ಯಾವುವೂ ಪಠ್ಯದಲ್ಲಿ ಉಳಿಯಲಾರವು. ಎರಡನೆಯದು ನಂಬಿದವರದು. ಬಾಲ್ಯದಿಂದ ಕೇಳಿದ ಅನುವಾದದ ಪ್ರತಿ ಅಕ್ಷರವೂ ದೇವರದೇ, ಅದನ್ನು ಪರಿಷ್ಕರಿಸುವುದೇ ಅಪಚಾರ ಎನ್ನುವುದು. ಹಳೆಯ ಅನುವಾದದ ಗಾಂಭೀರ್ಯಕ್ಕೆ ಕಿವಿ ಒಗ್ಗಿದವರಿಗೆ ಹೊಸದು ಸಪ್ಪೆಯೆನಿಸುವುದು ಸಹಜ. ಆದರೆ ಅವರ ನಂಬಿಕೆಯ ತತ್ತ್ವವೇ ಅವರ ಹಟಕ್ಕೆ ವಿರುದ್ಧವಾಗಿದೆ. ಪ್ರೇರಣೆ ಮೂಲಕ್ಕೆ ಸೇರಿದ್ದಾದರೆ ಅನುವಾದವನ್ನು ಮೂಲಕ್ಕೆ ಇನ್ನಷ್ಟು ಹತ್ತಿರ ಒಯ್ಯುವುದೇ ಭಕ್ತಿ. ದೇವರ ವಾಕ್ಯವಾದರೆ ಇಷ್ಟು ಸಲ ಏಕೆ ತಿದ್ದಬೇಕು ಎಂದು ಕುಹಕದಿಂದ ಕೇಳುವವರಿಗೂ ಉತ್ತರ ಇದೇ. ಅಲಕ್ಷ್ಯದಿಂದ ಕಂಡ ಗ್ರಂಥವನ್ನು ಯಾರೂ ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ತಿದ್ದುತ್ತ ಕೂರುವುದಿಲ್ಲ.

ಅಧಿಕಾರದ ಪ್ರಶ್ನೆಗೆ ಇದಕ್ಕಿಂತ ಕಠಿಣವಾದ ಇನ್ನೊಂದು ಮುಖವಿದೆ. ಗ್ರಂಥದ ಹೆಸರಿನಲ್ಲಿ ಮನುಷ್ಯನ ಮೇಲೆ ಮನುಷ್ಯನು ನಡೆಸುವ ಅಧಿಕಾರ ಅದು. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಗುಲಾಮಗಿರಿಯನ್ನು ಸಮರ್ಥಿಸಿದವರೂ ವಿರೋಧಿಸಿದವರೂ ಇದೇ ಬೈಬಲಿನ ಪುಟಗಳನ್ನು ತೆರೆದು ತೋರಿದರು. ಗ್ರಂಥ ದೈವಪ್ರೇರಿತವೆಂದು ಒಪ್ಪಿದರೂ ಓದುವವನು ದೈವಪ್ರೇರಿತನೆಂಬ ಖಾತರಿ ಇಲ್ಲ. ಈ ವ್ಯತ್ಯಾಸವನ್ನು ತಮ್ಮ ಬಾಳಿನಲ್ಲಿಯೇ ಕಂಡುಕೊಂಡವರು ಪಂಡಿತಾ ರಮಾಬಾಯಿ. 1858ರಲ್ಲಿ ಕರ್ನಾಟಕದ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಅವರು ತಂದೆತಾಯಿಗಳಿಂದ ಸಂಸ್ಕೃತ ಕಲಿತರು. ಹೆಂಗಸರಿಗೂ ಶೂದ್ರರಿಗೂ ವೇದಾಧಿಕಾರವಿಲ್ಲವೆಂಬ ಕಟ್ಟಳೆಯಲ್ಲಿ ಬೆಳೆದರು. ಕಲಕತ್ತೆಯಲ್ಲಿ ಕೇಶವಚಂದ್ರ ಸೇನರು ವೇದದ ಪ್ರತಿಯೊಂದನ್ನು ಅವರ ಕೈಗಿತ್ತು ಓದಲು ಹೇಳಿದ ಪ್ರಸಂಗವನ್ನು ಅವರೇ ಬರೆದಿದ್ದಾರೆ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದ ಮೇಲೆ ಅಲ್ಲಿಯ ಸಂನ್ಯಾಸಿನಿಯರೂ ಪಾದ್ರಿಗಳೂ ತಮ್ಮ ಸಭೆಯ ಬೋಧೆಯನ್ನು ಪ್ರಶ್ನಿಸದೆ ಒಪ್ಪಬೇಕೆಂದು ಬಯಸಿದಾಗ ರಮಾಬಾಯಿ ಒಪ್ಪಲಿಲ್ಲ. ದೇವರ ವಾಕ್ಯಕ್ಕೆ ಬಾಗುವುದು ಬೇರೆ, ಅದನ್ನು ವಿವರಿಸುವ ಮನುಷ್ಯರಿಗೆ ಬಾಗುವುದು ಬೇರೆ ಎಂಬುದು ಅವರ ಪತ್ರಗಳ ನಿಲುವು. ಗ್ರಂಥದ ಅಧಿಕಾರ ಅವರ ಕೈಯಲ್ಲಿ ಗುರುಗಳ ಅಧಿಕಾರದಿಂದ ಬಿಡುಗಡೆಯಾಯಿತು.

ಆ ಬಿಡುಗಡೆಯನ್ನು ಅವರು ತಮಗೆ ಮಾತ್ರ ಉಳಿಸಿಕೊಳ್ಳಲಿಲ್ಲ. ಪುಣೆಯ ಬಳಿಯ ಕೇಡಗಾಂವದ ಮುಕ್ತಿ ಮಿಷನ್ನಿನಲ್ಲಿ ಹೀಬ್ರೂ ಮತ್ತು ಗ್ರೀಕನ್ನು ಅಭ್ಯಾಸ ಮಾಡಿ, ಬದುಕಿನ ಕೊನೆಯ ವರ್ಷಗಳನ್ನು ಮರಾಠಿ ಬೈಬಲಿಗೆ ಮುಡಿಪಾಗಿಟ್ಟರು. ಆಗಲೇ ಮರಾಠಿಯಲ್ಲಿ ಅನುವಾದವಿತ್ತು. ಆದರೆ ಹೆಚ್ಚು ಓದಿರದ ಹೆಂಗಸರಿಗೆ ಅರ್ಥವಾಗುವ ಸರಳ ಮರಾಠಿ ಬೇಕೆಂಬುದು ಅವರ ಹಂಬಲ. ಆಶ್ರಮದ ಹೆಂಗಸರೇ ಮುದ್ರಣದ ಕೆಲಸಕ್ಕೆ ನಿಂತರು. 1922ರಲ್ಲಿ ರಮಾಬಾಯಿ ತೀರಿಕೊಂಡ ಮೇಲೆ, 1924ರಲ್ಲಿ ಆ ಅನುವಾದ ಪ್ರಕಟವಾಯಿತು. ಒಂದು ವೇದವನ್ನು ಓದಬಾರದೆಂದು ಬೆಳೆದ ಹೆಣ್ಣುಮಗಳು ತಾನು ವೇದವೆಂದು ಒಪ್ಪಿದ ಗ್ರಂಥವನ್ನು ಮೂಲದಿಂದ ತಂದು ಇತರ ಹೆಂಗಸರ ಕೈಗಿಟ್ಟಳು. ಗ್ರಂಥದ ದೈವತ್ವವನ್ನು ನಂಬದ ಓದುಗನೂ ಈ ಸಂಗತಿಯ ಮುಂದ ಒಂದು ಗಳಿಗೆ ನಿಲ್ಲಬೇಕಾಗುತ್ತದೆ. ಅಧಿಕಾರವುಳ್ಳ ಮಾತು ಜನರ ಮಾತಿನಲ್ಲಿ ಬಂದಾಗ ಅದರ ಅಧಿಕಾರ ಕೇಳುವವರಿಗೂ ಸ್ವಲ್ಪ ಹಂಚಿಹೋಗುತ್ತದೆ. ವಚನಕಾರರು ಸಂಸ್ಕೃತವನ್ನು ಬಿಟ್ಟು ಕನ್ನಡವನ್ನು ಹಿಡಿದಾಗ ನಡೆದದ್ದನ್ನು ಬಲ್ಲ ವಿದ್ಯಾರ್ಥಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹರೂರಿನಂಥ ಊರುಗಳಲ್ಲಿ ಈ ವಿಚಾರ ಇಂದಿಗೂ ಜೀವಂತವಾಗಿದೆ. ಮನೆಯಲ್ಲಿ ಕನ್ನಡವಾಡುವ ಮಗು ಶಾಲೆಯಲ್ಲಿಯೂ ಅಂಗಡಿಯಲ್ಲಿಯೂ ಪೂಜಾಸ್ಥಳದಲ್ಲಿಯೂ ತಮಿಳನ್ನೇ ಕೇಳುತ್ತದೆ. ಅಂಥ ಮಗುವಿಗೆ ಅಧಿಕಾರದ ಮಾತೆಲ್ಲವೂ ಇನ್ನೊಂದು ಭಾಷೆಯಲ್ಲಿದೆ, ತನ್ನ ಭಾಷೆಯಲ್ಲಿ ಬೈಗುಳವೂ ಲಾಲಿಯೂ ಮಾತ್ರ ಇವೆ ಎಂದು ಅನ್ನಿಸುವಂತಾಗಬಾರದು. ಪರಮ ಗಂಭೀರವಾದ ಮಾತನ್ನು ತನ್ನ ಮನೆಯ ನುಡಿ ಹೊರಬಲ್ಲದು ಎಂಬ ಭರವಸೆ ಒಂದು ಭಾಷೆಯ ಉಳಿವಿಗೆ ಬೇಕಾದ ಮೊದಲ ಆಸರೆ. ಬಳ್ಳಾರಿಯಲ್ಲಿ ಕುಳಿತ ಪರದೇಶಿಯರು ತಮ್ಮ ದೇವರ ಮಾತನ್ನು ಹೊರಲು ಕನ್ನಡ ಸಮರ್ಥವೆಂದು ನಂಬಿದರು. ಅವರ ದೇವರನ್ನು ಒಪ್ಪುವುದೂ ಬಿಡುವುದೂ ಓದುಗನಿಗೆ ಸೇರಿದ್ದು. ಕನ್ನಡದ ಮೇಲೆ ಅವರಿಟ್ಟ ನಂಬಿಕೆಯನ್ನು ಮಾತ್ರ ಕನ್ನಡದ ವಿದ್ಯಾರ್ಥಿ ಕಡೆಗಣಿಸಲಾಗದು.

ಆದ್ದರಿಂದ ಐಚ್ಛಿಕ ಕನ್ನಡದ ತರಗತಿಗಳಲ್ಲಿ ಸುವಾರ್ತೆಯ ಒಂದು ಅಧ್ಯಾಯವನ್ನಾದರೂ ಗದ್ಯದ ಪಠ್ಯವಾಗಿ ಓದುವುದು ಯೋಗ್ಯ. ಗಡಿಭಾಗದ ವಿದ್ಯಾರ್ಥಿಗಳಿದ್ದರೆ ಅದೇ ಅಧ್ಯಾಯವನ್ನು ತಮಿಳಿನಲ್ಲೋ ಮರಾಠಿಯಲ್ಲೋ ತೆಲುಗಿನಲ್ಲೋ ಪಕ್ಕಕ್ಕಿಟ್ಟು ನೋಡಬಹುದು. ‘ಸುವಾರ್ತೆ’ ಎಂಬ ಪ್ರಾಟೆಸ್ಟೆಂಟ್ ಪದವನ್ನೂ ‘ಶುಭಸಂದೇಶ’ ಎಂಬ ಕ್ಯಾಥೊಲಿಕ್ ಪದವನ್ನೂ ಮರಾಠಿಯ ‘ಶುಭವರ್ತಮಾನ’ವನ್ನೂ ಒಟ್ಟಿಗೆ ತೂಗಬಹುದು. ಓದುವಾಗ ಭಕ್ತನ ಕೈಮುಗಿತವನ್ನೂ ವಿಮರ್ಶಕನ ತಕ್ಕಡಿಯನ್ನೂ ಬೆರೆಸಬೇಕಾಗಿಲ್ಲ. ಈ ಪುಟವನ್ನು ಬರೆದವನು ಪ್ರತಿ ಪದಕ್ಕೂ ದೇವರ ಮುಂದೆ ಲೆಕ್ಕ ಕೊಡಬೇಕೆಂದು ನಂಬಿದ್ದನೆಂಬುದನ್ನು ನೆನಪಿಟ್ಟರೆ ಸಾಕು. ‘ಆದ’ವೋ ‘ಆಗಿದೆ’ಯೋ, ‘ಅವನು’ ಎಂದೋ ‘ಆತನು’ ಎಂದೋ ನಿರ್ಧರಿಸಲು ಅಂಥವನು ಎಷ್ಟು ಹೊತ್ತು ಲೇಖನಿಯನ್ನು ತಡೆಹಿಡಿದಿರಬೇಕೆಂಬುದನ್ನು ವಿದ್ಯಾರ್ಥಿಯು ಊಹಿಸಿಕೊಳ್ಳಬಹುದು. ಆಮೇಲೆ ತನ್ನ ಉತ್ತರಪತ್ರಿಕೆಯ ವಾಕ್ಯವನ್ನು ಅವನು ಇನ್ನೊಮ್ಮೆ ಓದಿ ನೋಡದೆ ಬಿಡುವುದಿಲ್ಲ.